ಮಾಲೀಕರ ಒಪ್ಪಿಗೆ ಬೇಕು

ಲಾಂಡ್ರಿಗೆ ಸಾಫ್ಟ್‌ವೇರ್ ಹಾಕಿಸಲೇಬೇಕು ಅಂತ ಮೂವರಿಗೂ ಒಟ್ಟಿಗೆ ಜ್ಞಾನೋದಯವಾದದ್ದು ಒಬ್ಬ ಡಾಕ್ಟರಿಂದ. ಡಾಕ್ಟರ ಬಿಳಿ ಕೋಟು ಹೋಟೆಲಿನ ಅಡುಗೆಯವನ ಮನೆಗೆ ಹೋಗಿತ್ತು, ಅಡುಗೆಯವನ ಬಿಳಿ ಕೋಟು ಆಸ್ಪತ್ರೆಗೆ ಹೋಗಿತ್ತು. ಅಡುಗೆಯವನಿಗೆ ಗೊತ್ತಾಗಲೇ ಇಲ್ಲ. ಡಾಕ್ಟರಿಗೆ ಗೊತ್ತಾದದ್ದು ಮಧ್ಯಾಹ್ನ, ಅದೂ ರೋಗಿಯೊಬ್ಬಳು ಅವರ ಎದೆಯ ಮೇಲೆ ದಾರದಲ್ಲಿ ಹೊಲಿದಿದ್ದ ಹೋಟೆಲಿನ ಹೆಸರು ಓದಿ, ಅಲ್ಲಿ ಊಟ ಹೇಗಿರುತ್ತೆ ಸಾರ್ ಅಂತ ಕೇಳಿದ ಮೇಲೆ. ಸಂಜೆ ಡಾಕ್ಟರು ಅಂಗಡಿಗೆ ಬಂದು ಬೈಯಲಿಲ್ಲ, ನಕ್ಕರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಲ್ಲಿಯವರೆಗೆ ಅಂಗಡಿ ನಡೆದದ್ದು ಚೀಟಿಯ ಮೇಲೆ. ಬಟ್ಟೆಗೊಂದು ಚೀಟಿ, ಗಿರಾಕಿಗೊಂದು ಚೀಟಿ, ಗೋಡೆಯ ಮೊಳೆಗೊಂದು ಚೀಟಿ. ಬರೆಯುವ ಕೈ ಮೂರು. ದೊಡ್ಡವನು ಬರೆದದ್ದು ಮಾರನೆಯ ದಿನ ದೊಡ್ಡವನಿಗೇ ಅರ್ಥವಾಗುತ್ತಿರಲಿಲ್ಲ. ಚಿಕ್ಕವನು ಬರೆಯುವುದನ್ನೇ ಮರೆಯುತ್ತಿದ್ದ. ಅಕ್ಕನ ಅಕ್ಷರ ಅಚ್ಚು ಹಾಕಿದ ಹಾಗಿರುತ್ತಿತ್ತು, ಆದರೆ ಒಬ್ಬಳ ಅಕ್ಷರದಿಂದ ಅಂಗಡಿ ನಡೆಯುತ್ತದೆಯೇ?

ದೊಡ್ಡವನು, ಚಿಕ್ಕವನು ಅಂದರೆ ಅಕ್ಕನ ಇಬ್ಬರು ತಮ್ಮಂದಿರು. ಅಕ್ಕನಿಗೆ ಐವತ್ತಮೂರು. ಅವಳಿಗಿಂತ ಹತ್ತು ವರ್ಷ ದೊಡ್ಡ ಗಿರಾಕಿಗಳೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಿದ್ದುದರಿಂದ ನಾವೂ ಹಾಗೇ ಕರೆಯೋಣ. ದೊಡ್ಡವನದು ಮುಂದಿನ ಕೌಂಟರು. ಅವನ ಬಾಯಿ ಅಲ್ಲಿಗೆ ಸರಿಯಾಗಿ ಒಪ್ಪುತ್ತಿತ್ತು. ಚಿಕ್ಕವನದು ಹಿಂದಿನ ಮೆಷಿನ್ನುಗಳು ಮತ್ತು ಹೊರಗೆ ನಿಲ್ಲಿಸಿದ ವ್ಯಾನು. ಕಿಟಕಿಯ ಪಕ್ಕದ ಉದ್ದನೆಯ ಮೇಜು ಅಕ್ಕನದು.

ಆ ಮೇಜಿನ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಂದ ಬಟ್ಟೆ ಮೊದಲು ಅಲ್ಲಿಗೆ ಬರುತ್ತಿತ್ತು. ಅಕ್ಕ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಳಗನ್ನು ಹೊರಗು ಮಾಡಿ, ಕಲೆಯನ್ನು ಮೂಸಿ, ಯಾರಿಗೂ ಕಾಣದ ಮಡಿಕೆಯಲ್ಲಿ ಒಂದು ಹನಿ ನೀರು ಹಾಕಿ ಬಿಳಿ ಚಿಂದಿಯಿಂದ ಉಜ್ಜುತ್ತಿದ್ದಳು. ಚಿಂದಿಗೆ ಬಣ್ಣ ಹತ್ತಿದರೆ ಮುಗಿಯಿತು. "ಇದು ನಮ್ಮಿಂದ ಆಗಲ್ಲ, ವಾಪಸ್ ತಗೊಂಡು ಹೋಗಿ" ಅನ್ನುತ್ತಿದ್ದಳು. ಗಿರಾಕಿ ಗೋಗರೆದರೂ ಅಷ್ಟೆ, ಗುರ್ರೆಂದರೂ ಅಷ್ಟೆ. ಹೀಗೆ ಹತ್ತರಲ್ಲಿ ಒಂದು ಬಟ್ಟೆ ವಾಪಸ್ಸಾಗುತ್ತಿತ್ತು, ಉಳಿದ ಒಂಬತ್ತನ್ನು ಜನ ಕಣ್ಣು ಮುಚ್ಚಿ ಬಿಟ್ಟುಹೋಗುತ್ತಿದ್ದರು. ಅವಳು ಹತ್ತೊಂಬತ್ತನೇ ವಯಸ್ಸಿಗೆ ಅಂಗಡಿಗೆ ಬಂದಾಗಲೇ ಅಪ್ಪ ಈ ಅಧಿಕಾರ ಕೊಟ್ಟಿದ್ದ. ಅವಳ ಇಲ್ಲಕ್ಕೆ ಅಪ್ಪನೂ ಎದುರಾಡುತ್ತಿರಲಿಲ್ಲ. ಅಕ್ಕನಿಗೆ ಮದುವೆಯ ಮಾತು ಎರಡು ಸಲ ಬಂದು ಹೋಗಿತ್ತು, ಮನೆಯಲ್ಲಿ ಅಮ್ಮನ ಜೊತೆ ಇದ್ದಳು, ಕೈಯಲ್ಲಿ ತನ್ನದು ಅಂತ ಇದ್ದದ್ದು ಈ ಒಂದು ಮಾತು.

ಅಪ್ಪ ಹೋಗಿ ಒಂದೂವರೆ ವರ್ಷವಾಗಿತ್ತು. ಅಂಗಡಿ ಈಗ ಯಾರದು ಅಂತ ಯಾರೂ ಕೇಳಿರಲಿಲ್ಲ. ಕೇಳಿದರೆ ಉತ್ತರ ಹೇಳಬೇಕಾಗುತ್ತದಲ್ಲ! ಬೆಳಿಗ್ಗೆ ಯಾರು ಮೊದಲು ಬರುತ್ತಾರೋ ಅವರು ಬಾಗಿಲು ತೆಗೆಯುವುದು, ಸಂಜೆ ಕೊನೆಗೆ ಉಳಿದವರು ಹಾಕುವುದು, ಇಷ್ಟರ ಮೇಲೆ ಸಂಸಾರ ಸಾಗಿತ್ತು.

ಸರಿ, ಸಾಫ್ಟ್‌ವೇರ್ ತೋರಿಸುವವರು ಒಬ್ಬೊಬ್ಬರಾಗಿ ಬಂದರು.

ಮೊದಲನೆಯವನು ಟೈ ಕಟ್ಟಿಕೊಂಡು ಬಂದ. ಅವನದು ದೊಡ್ಡ ದೊಡ್ಡ ಹೋಟೆಲುಗಳ ಒಗೆತಕ್ಕೆಂದು ಮಾಡಿದ್ದಂತೆ. ತೆರೆಯ ಮೇಲೆ ಅರವತ್ತು ಬಟನ್ನುಗಳು. "ನಾಳೆ ನೂರು ಜನ ಕೆಲಸಕ್ಕೆ ಸೇರಿದ್ರೂ ಇದ್ರಲ್ಲಿ ಹಿಡಿಸುತ್ತೆ ಸಾರ್" ಅಂದ. ಅಂಗಡಿಯಲ್ಲಿದ್ದದ್ದು ಮೂವರು, ನಿಲ್ಲಲು ಜಾಗವಿದ್ದದ್ದು ಎರಡೂವರೆ ಜನಕ್ಕೆ. ಆದರೂ ದೊಡ್ಡವನ ಎದೆ ಉಬ್ಬಿತು.

ಅಕ್ಕ ಮೇಜಿನಿಂದ ಎದ್ದು ಬಂದಳು. "ಬಟ್ಟೆ ವಾಪಸ್ ಕೊಡೋದು ಇದ್ರಲ್ಲಿ ಎಲ್ಲಿದೆ?"

"ಡೆಲಿವರಿನಾ ಮೇಡಂ? ಇಲ್ಲಿದೆ ನೋಡಿ."

"ಒಗೆದು ಕೊಡೋದಲ್ಲ. ಒಗೆಯಲ್ಲ ಅಂತ ವಾಪಸ್ ಕೊಡೋದು."

ಟೈಯವನು ದೊಡ್ಡವನ ಮುಖ ನೋಡಿದ. "ಬಂದ ಗಿರಾಕೀನ ಯಾಕ್ ಮೇಡಂ ವಾಪಸ್ ಕಳಿಸ್ತೀರಾ?"

ಅಕ್ಕ ತಿರುಗಿ ಮೇಜಿಗೆ ಹೋದಳು. ಅವಳ ಮಟ್ಟಿಗೆ ಅವನ ಕಥೆ ಅಲ್ಲಿಗೆ ಮುಗಿಯಿತು.

ಎರಡನೆಯದು ಪುಕ್ಕಟೆ. ಪುಕ್ಕಟೆ ಅಂದ ಕೂಡಲೇ ಚಿಕ್ಕವನ ಕಿವಿ ನಿಮಿರಿತು. ಫೋನಿನಲ್ಲೇ ನಡೆಯುವಂಥದ್ದು, ಒಂದು ಬಟ್ಟೆ ಬರೆದುಕೊಂಡರೆ ಒಂದು ಜಾಹೀರಾತು ನೋಡಬೇಕು. ಮೂರು ಅಂಗಿ ಬರೆಯುವಷ್ಟರಲ್ಲಿ ಹುಡುಗಿಯೊಬ್ಬಳು ಮೂರು ಸಲ ಹಲ್ಲುಜ್ಜಿ ತೋರಿಸಿದಳು. ಅಕ್ಕ ಮತ್ತೆ ಅದೇ ಪ್ರಶ್ನೆ ಕೇಳಿದಳು. ತಂದವನು ಹುಡುಕಿ ಹುಡುಕಿ, "'ಇತರೆ' ಅಂತ ಒಂದಿದೆ, ಅದ್ರಲ್ಲಿ ಹಾಕ್ಕೊಳ್ಳಿ" ಅಂದ.

"ನನ್ನ ಕೆಲಸ ಇತರೆ ಅಲ್ಲ" ಅಂದಳು ಅಕ್ಕ.

ಮೂರನೆಯವನಿಗೆ ನೆಗಡಿಯಾಗಿತ್ತು. ಇಸ್ತ್ರಿಯ ಹಬೆ ಮೂಗಿಗೆ ಹೋಗಿ ಒಂದೊಂದು ಮಾತಿಗೂ ಒಂದೊಂದು ಸೀನು. ಇವನಿಂದ ಏನಾದೀತು ಅಂತ ತಮ್ಮಂದಿರಿಬ್ಬರೂ ಮೂಗು ಮುರಿದರು. ಆದರೆ ಅವನು ತೆರೆದ ಪುಟದಲ್ಲಿ ಇದ್ದದ್ದೇ ಆರು ಬಟನ್ನು, ಅದರಲ್ಲೊಂದು ಕೆಂಪು, ಅದರ ಮೇಲೆ 'ವಾಪಸ್'. ಕೆಳಗೆ ಕಾರಣ ಬರೆಯಲು ಜಾಗ, ಬಟ್ಟೆಯ ಫೋಟೋ ಹಾಕಲು ಜಾಗ. ಈ ಸಾಫ್ಟ್‌ವೇರ್ ಬರೆದ ಹುಡುಗಿಯ ಚಿಕ್ಕಮ್ಮ ಇಪ್ಪತ್ತು ವರ್ಷ ಡ್ರೈಕ್ಲೀನಿಂಗ್ ಅಂಗಡಿ ಇಟ್ಟಿದ್ದಳಂತೆ. ಅಕ್ಕ ಕನ್ನಡಕ ಹಾಕಿಕೊಂಡು ಆ ಬಟನ್ನನ್ನು ಇನ್ನೊಮ್ಮೆ ನೋಡಿದಳು. "ಇದೇ ಇರ್ಲಿ" ಅಂದಳು. ಬೇಡ ಅನ್ನುವುದರಲ್ಲೇ ಹೆಸರು ಮಾಡಿದವಳು ಬೇಕು ಅಂದಮೇಲೆ ತಮ್ಮಂದಿರು ಉಸಿರೆತ್ತಲಿಲ್ಲ.

ಎತ್ತಬೇಕಾಗಿ ಬಂದದ್ದು ಆಮೇಲೆ. ನೆಗಡಿಯವನು ಕೌಂಟರಿನ ಕಂಪ್ಯೂಟರಿನಲ್ಲಿ ಎಲ್ಲ ಹಾಕಿ, ಭರ್ತಿ ಮಾಡುವ ಪುಟ ತೆಗೆದ. "ಮಾಲೀಕರ ಹೆಸರು ಹೇಳಿ."

ದೊಡ್ಡವನು ಚಿಕ್ಕವನನ್ನು ನೋಡಿದ. ಚಿಕ್ಕವನು ಅಕ್ಕನನ್ನು ನೋಡಿದ. ಅಕ್ಕ ಕೈಯಲ್ಲಿದ್ದ ಅಂಗಿಯ ಕಾಲರನ್ನು ನೋಡಿದಳು.

"ಒಬ್ಬರದೇ ಹಾಕ್ಬೇಕಾ?" ಅಂದ ದೊಡ್ಡವನು.

"ಒಬ್ಬರದೇ ಸಾರ್. ಸಾಫ್ಟ್‌ವೇರಿಗೆ ಗೊಂದಲ ಆಗಬಾರದಲ್ಲ."

ಗೊಂದಲ ಸಾಫ್ಟ್‌ವೇರಿಗಂತೆ! ಒಂದೂವರೆ ವರ್ಷ ಮೂವರೂ ಹುಷಾರಾಗಿ ಸುತ್ತುಹಾಕಿಕೊಂಡು ಓಡಾಡಿದ್ದ ಹಳ್ಳಕ್ಕೆ ಈ ಸೀನುವವನು ಬಂದು ಟಾರ್ಚು ಬಿಟ್ಟಿದ್ದ. ಅಕ್ಕನ ಹೆಸರು ಹಾಕಿ ಅಂತ ಇಬ್ಬರಲ್ಲಿ ಒಬ್ಬನಾದರೂ ಅನ್ನಲಿ ಅಂತ ಅಕ್ಕನಿಗೆ ಆಸೆಯಾಯಿತು. ಆಸೆ ಎಷ್ಟು ಜೋರಾಗಿತ್ತೆಂದರೆ ಅವಳಿಗೇ ನಾಚಿಕೆಯಾಯಿತು. ತಾನೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ.

"ಅಪ್ಪನ ಹೆಸರೇ ಹಾಕಿಬಿಡಿ" ಅಂದ ಚಿಕ್ಕವನು.

ಅಬ್ಬಾ! ಮೂವರೂ ಉಸಿರು ಬಿಟ್ಟರು. ಎಂಥ ಬುದ್ಧಿವಂತಿಕೆ ನೋಡಿ. ಸತ್ತವನನ್ನು ಮಾಲೀಕನನ್ನಾಗಿ ಮಾಡಿದರೆ ಬದುಕಿದ್ದವರಿಗೆ ಜಗಳವೇ ಇಲ್ಲ.

"ಅವರು ಬರ್ತಾರಾ ಈಗ?" ಅಂತ ನೆಗಡಿಯವನು ಕೇಳಿದ.

"ಹೊರಗಡೆ ಹೋಗಿದಾರೆ" ಅಂದ ದೊಡ್ಡವನು, ಮುಖದ ಒಂದು ಗೆರೆಯೂ ಅಲುಗದ ಹಾಗೆ.

ಫೋನ್ ನಂಬರೂ ಅಪ್ಪನದೇ ಕೊಟ್ಟರು. ಪ್ಲಾಸ್ಟಿಕ್ ಕವರುಗಳ ಮೇಲೆಲ್ಲ ಅದೇ ಅಚ್ಚಾಗಿದ್ದರಿಂದ ಆ ನಂಬರನ್ನು ಯಾರೂ ನಿಲ್ಲಿಸಿರಲಿಲ್ಲ. ಫೋನು ಮನೆಯಲ್ಲಿ ಅಮ್ಮನ ಹತ್ತಿರವಿತ್ತು. ಅಮ್ಮ ದಿನಾ ಚಾರ್ಜು ಮಾಡುತ್ತಿದ್ದಳು, ಹಳೆ ಗಿರಾಕಿಗಳು ಕರೆದರೆ "ಅವರಿಲ್ಲ, ಅಂಗಡಿಗೆ ಮಾಡಿ" ಅಂತ ಹೇಳಿ ಇಡುತ್ತಿದ್ದಳು.

"ಮ್ಯಾನೇಜರ್ ಒಬ್ಬರು, ಉಳಿದೋರು ಕೆಲಸಗಾರರು" ಅಂದ ನೆಗಡಿಯವನು. ಕಂಪ್ಯೂಟರು ಕೌಂಟರಿನ ಮೇಲಿತ್ತು, ಕೌಂಟರಿನಲ್ಲಿ ದೊಡ್ಡವನಿದ್ದ, ಆದ್ದರಿಂದ ದೊಡ್ಡವನು ಮ್ಯಾನೇಜರ್ ಆದ. "ಕೆಲಸಗಾರರು ಬಟ್ಟೆ ವಾಪಸ್ ಮಾಡ್ಬೇಕಾದ್ರೆ ಮಾಲೀಕರಿಗೆ ಮೆಸೇಜ್ ಹೋಗುತ್ತೆ. ಅವರು ಹಸಿರು ಒತ್ತಿದ್ರೆ ಆಯ್ತು, ಕೆಂಪು ಒತ್ತಿದ್ರೆ ಇಲ್ಲ. ಅರ್ಜೆಂಟ್ ಅಂತ ಸರದಿ ತಪ್ಪಿಸೋದಕ್ಕೂ ಹಾಗೇ, ಮ್ಯಾನೇಜರೂ ಕೇಳ್ಬೇಕು."

ಅಕ್ಕನಿಗೆ ಚುರುಕ್ಕೆಂದಿತು. ಮೂವತ್ತನಾಲ್ಕು ವರ್ಷ ಯಾರ ಅಪ್ಪಣೆಯೂ ಇಲ್ಲದೆ ಹೇಳಿದ ಮಾತಿಗೆ ಈಗ ಒಪ್ಪಿಗೆ! ಆದರೆ ಮಾಲೀಕ ಅಂದರೆ ಅಪ್ಪ, ಅಪ್ಪ ಅಂದರೆ ಈಗ ಯಾರೂ ಅಲ್ಲ. ಹೇಗೋ ನಡೆಯುತ್ತೆ ಬಿಡು ಅಂತ ಸುಮ್ಮನಾದಳು. ಆ ಫೋನು ಅಮ್ಮನ ಕೈಯಲ್ಲಿದೆ ಅನ್ನುವುದನ್ನು ಮೂವರಲ್ಲಿ ಒಬ್ಬರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅಮ್ಮನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಭ್ಯಾಸವೇ ಆ ಮನೆಯಲ್ಲಿ ಇರಲಿಲ್ಲ.

ಮೊದಲ ದಿನವೇ ಒಬ್ಬ ಹೆಂಗಸು ಉಣ್ಣೆಯ ಕೋಟು ತಂದಳು. ಅಕ್ಕ ನೋಡಿದಳು, ಮುಟ್ಟಿದಳು, ಫೋಟೋ ತೆಗೆದು ಕೆಂಪು ಬಟನ್ ಒತ್ತಿದಳು. ತೆರೆಯ ಮೇಲೆ 'ಮಾಲೀಕರ ಒಪ್ಪಿಗೆ ಬೇಕು, ದಯವಿಟ್ಟು ಕಾಯಿರಿ' ಅಂತ ಬಂತು. ಹೆಂಗಸು ಕಾದಳು. ಅಕ್ಕ ಕಾದಳು. ಅಷ್ಟರಲ್ಲಿ ಅಂಗಡಿಯ ಫೋನು ಬಡಿದುಕೊಂಡಿತು.

"ಇಲ್ಲೊಂದು ಕೋಟಿನ ಚಿತ್ರ ಬಂದಿದೆ" ಅಂದಳು ಅಮ್ಮ. "ಕೆಂಪು ಒತ್ತಲಾ, ಹಸಿರು ಒತ್ತಲಾ?"

"ಹಸಿರು ಒತ್ತಮ್ಮ."

"ಯಾಕೆ ವಾಪಸ್ ಕೊಡ್ತಿದೀಯಾ? ಒಳ್ಳೆ ಕೋಟು ಕಣೇ."

ಗಿರಾಕಿಯ ಎದುರಿಗೇ ಅಕ್ಕ ಹೇಳಬೇಕಾಯಿತು. "ಒಳಗಿನ ಬಟ್ಟೆಗೂ ಹೊರಗಿನದಕ್ಕೂ ಅಂಟು ಹಾಕಿದಾರಮ್ಮ. ಒಗೆದ್ರೆ ಅಂಟು ಬಿಟ್ಟು ಗುಳ್ಳೆ ಏಳುತ್ತೆ."

"ಹೌದಾ!" ಅಂದಳು ಅಮ್ಮ, ಯಾರೋ ಪಕ್ಕದ ಮನೆಯ ಗುಟ್ಟು ಹೇಳಿದ ಹಾಗೆ. ತೆರೆ ಹಸಿರಾಯಿತು.

ಒಂದು ವಾರ ಇದು ತಮಾಷೆಯಾಗಿತ್ತು. ಎರಡನೇ ವಾರಕ್ಕೆ ಅಮ್ಮ ಮಧ್ಯಾಹ್ನದ ನಿದ್ದೆ ಬಿಟ್ಟಳು. ಫೋನನ್ನು ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡು, ಪಕ್ಕದಲ್ಲಿ ಚಹಾದ ಲೋಟ, ಮೂಗಿನ ಮೇಲೆ ಕನ್ನಡಕ. ಟಿಣ್ ಅಂದರೆ ಸಾಕು, ಒಲೆಯ ಮೇಲೆ ಏನಿದ್ದರೂ ಎದ್ದು ಬರುತ್ತಿದ್ದಳು. ಮನೆಗೆ ಹೋದರೆ ಅಕ್ಕನಿಗೆ ಪ್ರಶ್ನೆಗಳ ಸುರಿಮಳೆ. ಶಾಯಿಯ ಕಲೆಗೂ ತುಕ್ಕಿನ ಕಲೆಗೂ ಏನು ವ್ಯತ್ಯಾಸ, ಹಳೆ ಬೆವರು ಯಾಕೆ ಹಳದಿಯಾಗುತ್ತೆ, ರೇಷ್ಮೆ ಅಂಗಿಯವಳು ಮತ್ತೆ ಬಂದಳಾ. ಎಪ್ಪತ್ತಾರು ವರ್ಷದ ಹೆಂಗಸು, ಗಂಡನ ಅಂಗಡಿಯ ಹೊಸ್ತಿಲನ್ನು ಬೆರಳೆಣಿಕೆಯಷ್ಟು ಸಲ ದಾಟಿದವಳು, ಈಗ ಅಂಗಡಿಗೆ ಯಾವ ಬಟ್ಟೆ ಬಂತು ಯಾವುದು ಹೋಯಿತು ಅಂತ ಬಾಯಿಪಾಠ ಒಪ್ಪಿಸುತ್ತಿದ್ದಳು.

ದೊಡ್ಡವನಿಗೆ ಮಾತ್ರ ಇದು ಗಂಟಲಿಗೆ ಸಿಕ್ಕಿಕೊಂಡಿತು. ಊರಿನ ಅರ್ಧ ಜನ ಅವನ ಸ್ನೇಹಿತರು, ಆ ಅರ್ಧ ಜನರದೂ ಅರ್ಜೆಂಟು. ಅವನು ಅರ್ಜೆಂಟ್ ಅಂತ ಹಾಕಿದ ಕೂಡಲೇ ಅಮ್ಮನ ಫೋನು.

"ಈ ಪ್ಯಾಂಟಿನವನದು ಹೋದ ವಾರವೂ ಅರ್ಜೆಂಟಿತ್ತಲ್ಲ? ಎಲ್ಲಿಗೆ ಓಡ್ತಿದಾನೋ ಅವನು?"

"ಅಮ್ಮ, ಸ್ನೇಹಿತ ಕಣಮ್ಮ, ಮುಖ ಮುರಿಯೋಕಾಗುತ್ತಾ?"

"ಸಾಲಲ್ಲಿ ನಿಂತಿರೋರಿಗೂ ಮುಖ ಇದೆ" ಅನ್ನುತ್ತಿದ್ದಳು, ಕೆಂಪು ಬೀಳುತ್ತಿತ್ತು.

ಎರಡನೇ ತಿಂಗಳ ಕೊನೆಗೆ ಪರದೆಗಳು ಬಂದವು. ಹೋಟೆಲಿನಿಂದ, ನಲವತ್ತು, ಕಡುಗೆಂಪು. ದೊಡ್ಡವನು ತಾನೇ ಹೋಗಿ ಮಾತಾಡಿ, ಹಲ್ಲುಗಿಂಜಿ, ತಂದ ಕೆಲಸ. ಅಕ್ಕ ಒಂದರ ಅಂಚಿಗೆ ಹನಿ ನೀರು ಹಾಕಿ ಉಜ್ಜಿದಳು. ಬಿಳಿ ಚಿಂದಿ ಗಾಯಕ್ಕೆ ಕಟ್ಟಿದ ಬಟ್ಟೆಯಂತಾಯಿತು.

"ವಾಪಸ್" ಅಂದಳು.

"ನಲವತ್ತು ಪರದೆ ಅಕ್ಕ! ನಲವತ್ತು!"

"ಒಂದರ ಬಣ್ಣ ಬಿಡೋದಾದ್ರೆ ನಲವತ್ತರದೂ ಬಿಡುತ್ತೆ."

"ಸ್ವಲ್ಪ ನೋಡ್ಕೊಂಡು ಒಗೆದ್ರಾಯ್ತಪ್ಪ. ಎಲ್ಲದಕ್ಕೂ ಇಲ್ಲ ಇಲ್ಲ ಅಂದ್ರೆ ಹೇಗೆ?"

ಅಕ್ಕ ಬಟನ್ ಒತ್ತಿದಳು. ಅಮ್ಮ ಫೋನು ಮಾಡಿ ಒಂದೇ ಮಾತು ಕೇಳಿದಳು, "ಬಣ್ಣ ಬಿಡುತ್ತಾ?" "ಬಿಡುತ್ತಮ್ಮ." ಹಸಿರು. ಚಿಕ್ಕವನು ನಲವತ್ತು ಪರದೆಗಳನ್ನು ಮತ್ತೆ ವ್ಯಾನಿಗೆ ತುಂಬಿದ. ದೊಡ್ಡವನು ಅವತ್ತು ಅಕ್ಕನ ಹತ್ತಿರ ಮಾತು ಬಿಟ್ಟ.

ಭಾನುವಾರ ಅಂಗಡಿಗೆ ರಜ. ಊಟವಾದ ಮೇಲೆ ಅಮ್ಮ ಫೋನು ಹಿಡಿದುಕೊಂಡು ಅಕ್ಕನ ಹತ್ತಿರ ಬಂದು ಕೂತಳು. "ಒಂದು ಮೆಸೇಜ್ ಬಂದಿದೆ, ಓದು. ನನ್ನ ಕನ್ನಡಕ ಸಿಗ್ತಾ ಇಲ್ಲ." ಕನ್ನಡಕ ಹಣೆಯ ಮೇಲೇ ಇತ್ತು. ಅಕ್ಕ ಅದನ್ನು ಹೇಳಲಿಲ್ಲ, ಓದಿದಳು.

"ಮಾಲೀಕರ ಬದಲಾವಣೆಗೆ ಕೋರಿಕೆ. ಕೋರಿದವರು, ಮ್ಯಾನೇಜರ್." ಮುಂದೆ ಹೊಸ ಮಾಲೀಕರು ಅನ್ನುವಲ್ಲಿ ದೊಡ್ಡವನ ಹೆಸರಿತ್ತು. ಮ್ಯಾನೇಜರ್ ಅನ್ನುವಲ್ಲಿ ಚಿಕ್ಕವನದು. ಕೆಲಸಗಾರರು ಅನ್ನುವಲ್ಲಿ ಒಂದೇ ಹೆಸರು, ಅವಳದು. ಅಕ್ಕ ಅದನ್ನೂ ಓದಿದಳು, ದನಿ ಏರಿಸದೆ, ಇಳಿಸದೆ. ಕೆಳಗೆ ಒಂದು ಹಸಿರು, ಒಂದು ಕೆಂಪು.

ಇನ್ನು ಮೇಲೆ ಅವಳ ಒಂದೊಂದು ವಾಪಸ್ಸಿಗೂ ದೊಡ್ಡವನು ಹಸಿರು ಒತ್ತಬೇಕು. ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಅಂದು ಗೊತ್ತಿಲ್ಲದವನು ದೊಡ್ಡವನು. ಫೋನು ಕೈಯಲ್ಲೇ ಇತ್ತು. ಕೆಂಪು ಒತ್ತಿದ್ದರೆ, ಒತ್ತಿದ್ದು ಅಮ್ಮನೋ ಅವಳೋ ಅಂತ ದೊಡ್ಡವನಿಗೆ ತಿಳಿಯುತ್ತಿರಲಿಲ್ಲ. ಅವಳು ಫೋನನ್ನು ಅಮ್ಮನ ಮಡಿಲಲ್ಲಿಟ್ಟಳು.

"'ಹಸಿರು ಒತ್ತಿಬಿಡಮ್ಮ, ನಿನಗಿನ್ನು ತೊಂದರೆ ಇರಲ್ಲ' ಅಂದ ನಿನ್ನೆ ಅವನು" ಅಂದಳು ಅಮ್ಮ. "ನೀನೇನಂತೀಯಾ?"

"ನಾನೇನನ್ಲಿ? ನಿನ್ನ ಕೈಲಿದೆ ಫೋನು."

"ನನ್ನ ಕೈಲಿರೋದು ಬೆರಳು. ಅವನು ಬೇಕು ಅಂತ ಕೇಳಿದಾನೆ. ನೀನು ಕೇಳಿಲ್ಲ. ಕೇಳದೇ ಇರೋಳಿಗೆ ನಾನು ಏನಂತ ಒತ್ತಲಿ?"

"ಮೂವತ್ತನಾಲ್ಕು ವರ್ಷ ದುಡಿದಿದೀನಿ. ಇನ್ನೂ ಬಾಯಿಬಿಟ್ಟು ಕೇಳ್ಬೇಕಾ?"

"ಬಿಡ್ಬೇಕು" ಅಂದಳು ಅಮ್ಮ. "ನಾನೂ ಒಂದ್ಸಲ ನಿಮ್ಮಪ್ಪನ್ನ ಕೇಳಿದ್ದೆ, ಅಂಗಡಿಗೆ ಬರ್ತೀನಿ ಅಂತ. ಆಗಿನ್ನೂ ನೀನು ಹುಟ್ಟಿರ್ಲಿಲ್ಲ. ಅವರು ನಕ್ಕುಬಿಟ್ರು. ಬೈದಿದ್ರೆ ಇನ್ನೊಂದ್ಸಲ ಕೇಳ್ತಿದ್ದೆನೇನೋ. ನಕ್ಕಿದ್ದಕ್ಕೆ ಎರಡನೇ ಸಲ ಕೇಳಲೇ ಇಲ್ಲ. ಅವರಾಗೇ ಕರೀಲಿ ಅಂತ ಕಾದೆ. ಯಾರು ಕರೀತಾರೆ?"

ಅಕ್ಕ ಈ ಮಾತನ್ನು ಹಿಂದೆಂದೂ ಕೇಳಿರಲಿಲ್ಲ.

"ಅಂಗಡಿಗೆ ಯಾರಾದ್ರೂ ಒಬ್ಬರು ಬೇಕು" ಅಂದಳು ಅಮ್ಮ ಏಳುತ್ತಾ. "ನಾಳೆ ಹನ್ನೊಂದು ಗಂಟೆವರೆಗೆ ನೋಡ್ತೀನಿ. ನಿನಗೆ ಬೇಕಿದ್ರೆ ಅವರಿಬ್ಬರ ಎದುರಿಗೆ ಹೇಳಿ, ನೀನೂ ಕಳಿಸು. ಕದ್ದು ಕಳಿಸಿದ್ರೆ ಕೆಂಪು ಒತ್ತೀನಿ. ಹನ್ನೊಂದರವರೆಗೂ ಬರ್ಲಿಲ್ಲ ಅಂದ್ರೆ ಅವನದಕ್ಕೆ ಹಸಿರು."

ಹೇಳಿ, ಇಂಥ ತಾಯಿಗೆ ಏನನ್ನಬೇಕು?

ಸೋಮವಾರ ಒಂಬತ್ತಕ್ಕೆ ಅಂಗಡಿ ತೆಗೆದರು. ಒಂಬತ್ತೂವರೆಗೆ ಅಕ್ಕ ಹೇಳಬೇಕೆಂದುಕೊಂಡಳು, ಗಿರಾಕಿ ಬಂದರು. ಹತ್ತಕ್ಕೆ ಅಂದುಕೊಂಡಳು, ಚಿಕ್ಕವನು ಮೆಷಿನ್ನಿಗೆ ಸೋಪು ಹಾಕುತ್ತಿದ್ದ. ಬೇರೆಯವರ ಬಟ್ಟೆಗೆ ಆಗಲ್ಲ ಅನ್ನುವಾಗ ಎಂದೂ ತಡವರಿಸದ ನಾಲಿಗೆ ಈಗ ಅಂಗುಳಕ್ಕೆ ಅಂಟಿಕೊಂಡಿತ್ತು. ಒಂದೇ ಅಂಗಿಗೆ ನಾಲ್ಕನೇ ಸಲ ಇಸ್ತ್ರಿ ಹಾಕುತ್ತಿದ್ದಾಳೆಂದು ಅವಳಿಗೆ ತಿಳಿದದ್ದು ತೋಳು ಹೊಳೆಯತೊಡಗಿದಾಗ. ಗಡಿಯಾರ ನೋಡಿದಳು. ಹನ್ನೊಂದಕ್ಕೆ ಹನ್ನೆರಡು ನಿಮಿಷ. ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿ ಕೌಂಟರಿಗೆ ಬಂದಳು.

"ಚಿಕ್ಕೋನೇ, ಇಲ್ಲಿ ಬಾ" ಅಂತ ಕೂಗಿದಳು. ಅವನು ಕೈ ಒರೆಸಿಕೊಳ್ಳುತ್ತಾ ಬಂದ. "ದೊಡ್ಡೋನೇ, ನೀನು ಅಮ್ಮನಿಗೆ ಕಳಿಸಿರೋದನ್ನ ಓದಿದೆ."

ದೊಡ್ಡವನ ಕಿವಿ ಕೆಂಪಾಯಿತು. "ಅದರಲ್ಲೇನಿದೆ? ನಿನ್ನನ್ನೇನು ಆಚೆ ಹಾಕಿದೀನಾ? ಅಮ್ಮನಿಗೆ ವಯಸ್ಸಾಗಿದೆ, ತೊಂದರೆ ತಪ್ಪಲಿ ಅಂತ ಮಾಡ್ದೆ."

"ಮಾಲೀಕರ ಜಾಗದಲ್ಲಿ ನನ್ನ ಹೆಸರು ಬರ್ಬೇಕು."

ಹೇಳಿಬಿಟ್ಟಿದ್ದಳು. ಹಿಂದೆ ಮೆಷಿನ್ನು ಗಡಗಡ ತಿರುಗುತ್ತಿತ್ತು.

"ಅಂದ್ರೆ ಇನ್ನು ಎಲ್ಲದಕ್ಕೂ ನಾನು ನಿನ್ನ ಕೇಳ್ಕೊಂಡು ಇರ್ಬೇಕು?"

"ಹೂಂ. ಎರಡು ತಿಂಗಳಿಂದ ನಾನು ಕೇಳ್ಕೊಂಡಿಲ್ವಾ?"

"ನೀನು ಅಮ್ಮನ್ನ ಕೇಳ್ತಿದ್ದೆ."

"ನೀನು ನನ್ನ ಕೇಳು."

ದೊಡ್ಡವನು ಸಹಾಯಕ್ಕೆಂಬಂತೆ 'ನೀನಾದ್ರೂ ಹೇಳೋ' ಅಂತ ತಮ್ಮನ ಕಡೆ ತಿರುಗಿದ. ಚಿಕ್ಕವನು ನೆಲ ನೋಡಿದ. "ಅಕ್ಕನ ಹೆಸರೇ ಇರ್ಲಿ ಬಿಡೋ. ನಾನು ಅವತ್ತೇ ಹೇಳ್ಬೇಕು ಅಂತಿದ್ದೆ. ನೀವಿಬ್ಬರೂ ಸುಮ್ನೆ ನಿಂತಿದ್ರಿ, ಹೆದರಿ ಅಪ್ಪನ ಹೆಸರು ಹೇಳಿಬಿಟ್ಟೆ."

ಅಕ್ಕ ತನ್ನ ಫೋನಿನಿಂದ ಕೋರಿಕೆ ಕಳಿಸಿದಳು. ಬೆರಳು ಎರಡು ಸಲ ತಪ್ಪಿತು. ಕಳಿಸಿದಾಗ ಹನ್ನೊಂದಕ್ಕೆ ಐದು ನಿಮಿಷವಿತ್ತು. ಆದರೆ ಆ ಸಾಫ್ಟ್‌ವೇರಿನಲ್ಲಿ ಒಂದು ಎಡವಟ್ಟಿತ್ತು, ಮಾಲೀಕರು ಬದಲಾಗಬೇಕಾದರೆ ಹಸಿರು ಒತ್ತಿದ ಮೇಲೆ ಹಳೆ ಮಾಲೀಕರ ಫೋನಿಗೆ ಆರು ಅಂಕಿ ಬರುತ್ತವೆ, ಅವನ್ನು ಒತ್ತಬೇಕಾದವನು ಮ್ಯಾನೇಜರ್. ಅಂಗಡಿಯ ಫೋನು ಬಡಿದುಕೊಂಡಿತು. ದೊಡ್ಡವನು ಎತ್ತಿದ.

"ಬರ್ಕೋ" ಅಂದಳು ಅಮ್ಮ. ಅವಳ ದನಿ ಮೂವರಿಗೂ ಕೇಳಿಸುತ್ತಿತ್ತು. "ಎಂಟು. ಸೊನ್ನೆ. ಮೂರು. ಮೂರು. ಐದು."

ಐದಂಕಿ ಒತ್ತಿದ ದೊಡ್ಡವನು ಬೆರಳೆತ್ತಿದ. ಆರನೆಯದಕ್ಕೆ ಕಾಯುವವನಂತೆ ಕಾಣಲಿಲ್ಲ. ಐವತ್ತರ ಹತ್ತಿರದ ಗಂಡಸಿನ ಕಣ್ಣಲ್ಲಿ ನೀರಿತ್ತು. ಅಕ್ಕ ಎತ್ತಿ ಆಡಿಸಿದ ತಮ್ಮ. ಇಷ್ಟಕ್ಕೇ ಹೋಗಲಿ ಬಿಡೋ ಅಂದುಬಿಡಲೇ ಅನ್ನಿಸಿತು. ಅನ್ನಲಿಲ್ಲ. ಅವಳು ಜೀವಮಾನದಲ್ಲಿ ಕೊಟ್ಟ ಎಲ್ಲ ಇಲ್ಲಗಳಿಗಿಂತ ಇದು ಕಷ್ಟದ್ದಾಗಿತ್ತು.

"ಕೊನೇದು ಒಂಬತ್ತು" ಅಂದಳು ಅಮ್ಮ. "ಕೇಳಿಸ್ತಾ?"

"ಕೇಳಿಸ್ತಮ್ಮ" ಅಂದ ದೊಡ್ಡವನು. ಒಂಬತ್ತು ಒತ್ತಿ, ಫೋನಿಟ್ಟು, ಚಹಾ ಕುಡಿದು ಬರ್ತೀನಿ ಅಂತ ಯಾರ ಮುಖವನ್ನೂ ನೋಡದೆ ಹೊರಗೆ ಹೋದ. ಹೋದವನು ಒಂದೂವರೆ ಗಂಟೆ ಬರಲಿಲ್ಲ.

ಮಧ್ಯಾಹ್ನ ಅಕ್ಕ ಒಂದು ಚರ್ಮದ ಪಟ್ಟಿಯ ಜಾಕೆಟ್ಟನ್ನು ವಾಪಸ್ ಮಾಡಿದಳು. ಕಾಯಿರಿ ಅಂತ ಬರಲಿಲ್ಲ. ಒತ್ತಿದಳು, ಆಯಿತು. ಅವಳಿಗೆ ಖುಷಿಯಾಯಿತು, ಎಂಥ ಖುಷಿ ಅಂದರೆ ಜಾಕೆಟ್ ಹಿಡಿದುಕೊಂಡು ಮುಖ ಸಪ್ಪಗೆ ಮಾಡಿದ್ದ ಗಿರಾಕಿಯನ್ನು ನೋಡಿ ನಕ್ಕುಬಿಟ್ಟಳು. ದೊಡ್ಡವನು ವಾಪಸ್ ಬಂದು ಕೌಂಟರಿನಲ್ಲಿ ಕೂತು ಚೀಲಗಳಿಗೆ ನಂಬರು ಹಚ್ಚುತ್ತಿದ್ದ.

ಮೂರೂವರೆಗೆ ಅಮ್ಮನ ಫೋನು ಬಂತು. ಈ ಸಲ ಅಕ್ಕನೇ ಎತ್ತಿದಳು.

"ಬೆಳಿಗ್ಗೆ ಆ ಅಂಕಿ ಬಂದಿದ್ದಷ್ಟೇ. ಆಮೇಲಿಂದ ಒಂದೂ ಬಂದಿಲ್ಲ" ಅಂದಳು ಅಮ್ಮ. "ಫೋನ್ ಕೆಟ್ಟಿದೆಯಾ ನೋಡ್ತೀಯಾ?"

ಬೆಳಿಗ್ಗೆಯಿಂದ ಅಕ್ಕನಿಗೆ ಇದು ಹೊಳೆದೇ ಇರಲಿಲ್ಲ. "ಕೆಟ್ಟಿಲ್ಲಮ್ಮ. ಇನ್ನು ಬರಲ್ಲ. ಎಲ್ಲ ನನಗೇ ಬರುತ್ತೆ."

"ಹಾಂ. ಗೊತ್ತಿತ್ತು. ಒತ್ತುವಾಗ್ಲೇ ಗೊತ್ತಿತ್ತು, ಸುಮ್ನೆ ಕೇಳ್ದೆ" ಅಂದಳು ಅಮ್ಮ. ಫೋನಿಡಲಿಲ್ಲ. ಲೋಟ ಸರಿಸಿದ ಸದ್ದಾಯಿತು. "ನಿದ್ದೆ ಬರ್ತಿಲ್ಲ ಈಗ ಮಧ್ಯಾಹ್ನ ಹೊತ್ತು. ಅಭ್ಯಾಸ ತಪ್ಪಿಹೋಗಿದೆ." ಆಮೇಲೆ, ಮಗಳ ಹತ್ತಿರ ಎಂದೂ ಆಡದಿದ್ದ ಹುಷಾರಿನ ದನಿಯಲ್ಲಿ, "ನಾನು ಅಂಗಡಿಗೆ ಬರಲಾ?" ಅಂದಳು.

"ಬಾರಮ್ಮ" ಅಂದಳು ಅಕ್ಕ. ಇನ್ನೊಮ್ಮೆ ಹೇಳಿದಳು. "ಈಗ್ಲೇ ಬಾ."

ದೊಡ್ಡವನು ತಲೆಯೆತ್ತಿದ. ಪರದೆ ವಾಪಸ್ಸಾದ ಮೇಲೆ ಅವನಾಗಿ ಅಕ್ಕನನ್ನು ಕೇಳಿದ ಮೊದಲ ಮಾತು ಅದು. "ಅಮ್ಮ ಇಲ್ಲಿ ಬಂದು ಏನ್ ಮಾಡ್ತಾಳೆ?"

"ಕೇಳ್ತಿದೀಯಾ, ಬೇಡ ಅಂತಿದೀಯಾ?"

ದೊಡ್ಡವನು ಕೈಯಲ್ಲಿದ್ದ ನಂಬರಿನ ಚೀಟಿಯನ್ನು ಮಡಿಸಿದ, ಬಿಡಿಸಿದ. "ಕೇಳ್ತಿದೀನಿ ಅಕ್ಕ" ಅಂದ.

"ನನ್ನ ಪಕ್ಕ ಕೂತು ಬಟ್ಟೆ ನೋಡ್ತಾಳೆ. ವ್ಯಾನ್ ಕಳಿಸು."

ದೊಡ್ಡವನು ಎದ್ದು, ಹಿಂದಿನ ಬಾಗಿಲಿಗೆ ಹೋಗಿ, ಚಿಕ್ಕವನನ್ನು ಕೂಗಿದ.